ಎರವಲು ದನಿ

ಮೌನ್ ಊರಿನವನಾದರೂ ಮೌನಕ್ಕೂ ಒಲೆಬಿಲೆಗೂ ಹುಟ್ಟಿನಿಂದಲೇ ಎಣ್ಣೆ ಸೀಗೇಕಾಯಿ. ಡೇರೆ ಸಫಾರಿಯ ಅಡುಗೆಯವನಾದ ಅವನು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತನೆಂದರೆ ಜೋಳದ ಗಂಜಿಯ ಜೊತೆಗೆ ಕಂಡವರ ದನಿಗಳೂ ಕುದಿಯತೊಡಗುತ್ತಿದ್ದವು. ಅತಿಥಿಗಳ ಗೊರಕೆ, ಚಿರತೆಯ ಗರಗಸದಂಥ ಕೆಮ್ಮು, ಪಾದ್ರಿ ಪ್ರಾರ್ಥನೆಯ ನಡುವೆ ನುಂಗಿಕೊಳ್ಳುವ ಆಕಳಿಕೆ, ಎಲ್ಲವೂ ಅವನ ಗಂಟಲಲ್ಲಿ ಬಾಡಿಗೆಗಿದ್ದವು.

ಒಂದು ದನಿಗೆ ಮಾತ್ರ ಅಲ್ಲಿ ಪ್ರವೇಶವಿರಲಿಲ್ಲ. ಅದು ಅವನ ಸೋದರಮಾವ, ಸಫಾರಿಯ ಮಾರ್ಗದರ್ಶಿ ಕೆನೊಸಿಯದು. ಅವರ ಕಡೆ ಸೋದರಮಾವನ ಬಾಯಿ ಎಂದರೆ ಹರಸಿದರೂ ತಾಕುತ್ತದೆ, ಶಪಿಸಿದರೂ ತಾಕುತ್ತದೆ. ಕೆಲಸಕ್ಕೆ ಸೇರಿದ ದಿನವೇ ಕೆನೊಸಿ ಹೇಳಿದ್ದ: "ಯಾರ ದನಿ ಬೇಕಾದ್ರೂ ತೆಗಿ, ನನ್ನದು ಬೇಡ. ಕಾಡಲ್ಲಿ ನಮಗೆ ಬೇಲಿ ಇಲ್ಲ ಕಣೋ. ನನ್ನ ದನಿನೇ ಬೇಲಿ. ಬೇಲೀನ ಯಾರೂ ಎರವಲು ಕೊಡಲ್ಲ."

ಆ ಮಧ್ಯಾಹ್ನ ಡೇರೆಗಳು ಜಾಗ ಬದಲಿಸುತ್ತಿದ್ದವು. ಕೆನೊಸಿ ಅತಿಥಿಗಳನ್ನು ತೆರೆದ ಜೀಪಿನಲ್ಲಿ ಕೂರಿಸಿಕೊಂಡು ಸುತ್ತುದಾರಿ ಹಿಡಿದಿದ್ದ. ಅವರು ಬರುವಷ್ಟರಲ್ಲಿ ಖ್ವಾಯಿ ನದಿಯ ದಂಡೆಯಲ್ಲಿ ಡೇರೆಗಳು ಎದ್ದು, ಒಲೆ ಹೊತ್ತಿ, ಕೊಂಬೆಗೆ ಸ್ನಾನದ ಬಕೆಟು ತೂಗುತ್ತಿರಬೇಕು. ಬೆಳಿಗ್ಗೆ ಬಿಟ್ಟುಬಂದ ಮನೆ ತಮಗಿಂತ ಮೊದಲೇ ನಡೆದು ಇಲ್ಲಿಗೆ ಬಂತೇನೋ ಎಂದು ಅತಿಥಿಗಳಿಗೆ ಅನ್ನಿಸಬೇಕು. ಅದಕ್ಕಾಗಿ ಲಾರಿಯಲ್ಲಿ ಮುಂದೆ ಬಂದವರು ಇಬ್ಬರು: ಒಲೆಬಿಲೆ ಮತ್ತು ಕೆನೊಸಿಯ ಒಬ್ಬನೇ ಮಗ ಡಿಸಾಂಗ್. ಸೋದರಮಾವನ ಮಗ, ಅಂದರೆ ಬಾವ. ಬಾವಂದಿರ ನಡುವಿನ ಬೈಗುಳಕ್ಕೆ ಆ ಸೀಮೆಯಲ್ಲೂ ಸುಂಕವಿಲ್ಲ.

ಡಿಸಾಂಗ್ ಗೂಟ ಬಡಿಯುತ್ತಿದ್ದ. ಒಲೆಬಿಲೆ ಲಾರಿಯ ನೆತ್ತಿಯ ಮೇಲೆ ನಿಂತು ಬೆಳವ ಎಂಬ ಕಾಡುಪಾರಿವಾಳದಂತೆ ಕೂಗುತ್ತಿದ್ದ. ಇದು ಆಟವಲ್ಲ, ಕೆನೊಸಿ ಹಾಕಿಕೊಟ್ಟ ಪದ್ಧತಿ. ಒಬ್ಬ ಕೆಲಸದಲ್ಲಿದ್ದರೆ ಇನ್ನೊಬ್ಬ ಮೇಲಿನಿಂದ ಹುಲ್ಲು ಕಾಯಬೇಕು, ಕಾಯುವಷ್ಟು ಹೊತ್ತೂ ಬೆಳವ ಕೂಗಬೇಕು. ಕೂಗು ನಿಂತರೆ ಏನೋ ಬಂದಿದೆ ಎಂದರ್ಥ. ಕೈಯಲ್ಲಿದ್ದದ್ದನ್ನು ಬಿಟ್ಟು, ಓಡದೆ, ಲಾರಿ ಹತ್ತಬೇಕು. ಕಿರುಚುವ ಹಾಗಿಲ್ಲ. ಕಿರುಚಿದರೆ ಮನುಷ್ಯ ಓಡುತ್ತಾನೆ, ಮನುಷ್ಯ ಓಡಿದರೆ ಸಿಂಹವೂ ಓಡುತ್ತದೆ.

"ಕೆಲ್ಸ ಮಾಡೋ, ಕೆಲ್ಸ ಮಾಡೋ," ಎಂದು ಬೆಳವ ಕೂಗಿತು.

"ನಮ್ಮತ್ತೆ ನಿನ್ನ ಹೆತ್ಲೋ, ರೇಡಿಯೋ ಅಂಗಡೀಲಿ ತಂದ್ಲೋ ಬಾವ," ಎಂದ ಡಿಸಾಂಗ್, ತಲೆಯೆತ್ತದೆ.

"ತಂದಿದ್ರೆ ನಿನ್ನ ಕಿವಿ ಹಿಂಡಿ ಸ್ಟೇಷನ್ ಬದಲಾಯಿಸ್ತಿದ್ದೆ."

ಮಳೆ ಮುಗಿದು ಹುಲ್ಲು ಆಳೆತ್ತರ ಬೆಳೆದು ಹಳದಿಯಾಗಿತ್ತು. ಗಾಳಿ ಇರಲಿಲ್ಲ. ಆದರೂ ಕೊನೆಯ ಡೇರೆಯ ಹಿಂದೆ ಹುಲ್ಲು ಒಂದೇ ಕಡೆ ಸೀಳಿತು. ಸೀಳಿನಲ್ಲಿ ಒಂದು ಮುಖ ಕಂಡಿತು, ಹರಿದ ಕಿವಿ ಕಂಡಿತು. ಹೆಣ್ಣುಸಿಂಹ. ಹೊಟ್ಟೆ ಬೆನ್ನಿಗೆ ಅಂಟಿತ್ತು. ಅದು ನೋಡುತ್ತಿದ್ದದ್ದು ಡಿಸಾಂಗನ ಬಾಗಿದ ಬೆನ್ನನ್ನು.

ಒಲೆಬಿಲೆ ಬೆಳವವನ್ನು ನಿಲ್ಲಿಸಿದ.

ಸುತ್ತಿಗೆ ನಿಲ್ಲಲಿಲ್ಲ. "ಶುರುವಾಯ್ತಾ?" ಎಂದ ಡಿಸಾಂಗ್. ಈ ಪ್ರಯಾಣದಲ್ಲೇ ಎರಡು ಸಲ ಒಲೆಬಿಲೆ ಸುಮ್ಮಸುಮ್ಮನೆ ಕೂಗು ನಿಲ್ಲಿಸಿ, ಬಾವ ಬೆವರುತ್ತ ಬಂದು ಲಾರಿ ಹತ್ತುವುದನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಈ ಸಲ ನಾನು ಏಳಲ್ಲ. ನಿನ್ನ ಗಂಜಿ ನೋಡ್ಕೋ ಹೋಗು."

"ಬಾವ, ಇದೆ. ನಿಜವಾಗ್ಲೂ ಇದೆ."

"ಇರ್ಲಿ. ಟೀ ಕುಡೀತಾಳಾ ಕೇಳು."

ಮುಖದ ಹಿಂದೆ ಭುಜಗಳು ಹೊರಬಂದವು. ಹೊಟ್ಟೆ ನೆಲಕ್ಕೆ ತಗ್ಗಿತು. ಲಾರಿಯ ಕೀಲಿ ಡಿಸಾಂಗನ ಜೇಬಿನಲ್ಲಿತ್ತು, ಹಾರ್ನ್ ಮಳೆಗಾಲದಲ್ಲೇ ಸತ್ತಿತ್ತು. ಒಲೆಬಿಲೆಯ ಗಂಟಲಲ್ಲಿ ಅಷ್ಟೊಂದು ದನಿಗಳಿದ್ದೂ ಬಾವ ನಂಬುವಂಥದ್ದು ಒಂದೂ ಇರಲಿಲ್ಲ. ಅವನ ಸ್ವಂತದ್ದಂತೂ ಎಲ್ಲಕ್ಕಿಂತ ಅಗ್ಗ.

ಅವನು ಬಾಗಿಲಿಲ್ಲದ ಆ ಒಂದು ಕೋಣೆಗೆ, ಮಾವನ ದನಿಗೆ, ಕನ್ನ ಹಾಕಿದ.

"ಡಿಸಾಂಗ್," ಎಂದ. ತಗ್ಗಿದ, ಅವಸರವಿಲ್ಲದ ದನಿ. ಹೆಸರಾದ ಮೇಲೆ ಒಂದು ಉಸಿರಿನಷ್ಟು ಬಿಡುವು. "ಮಗ. ಸುತ್ತಿಗೆ ಇಟ್ಬಿಡು. ನಿಧಾನವಾಗಿ ಬಾ."

ಡಿಸಾಂಗನ ಬೆನ್ನು ಪಾಠ ಒಪ್ಪಿಸುವ ಹುಡುಗನಂತೆ ನೆಟ್ಟಗಾಯಿತು. ಸುತ್ತಿಗೆ ಇಟ್ಟ. ಹಿಂದೆ ನೋಡದೆ, ಒಂದೊಂದೇ ಹೆಜ್ಜೆ ಬಂದು ಲಾರಿ ಹತ್ತಿದ. ಹೊಸ ದನಿಗೆ ಬೆಚ್ಚಿದ ಸಿಂಹ ಅಷ್ಟರಲ್ಲಿ ಹಿಂದೆ ಸರಿದಿತ್ತು. ಹುಲ್ಲು ಬಾಯಿ ಮುಚ್ಚಿಕೊಂಡಿತ್ತು.

"ಅಪ್ಪ ಎಲ್ಲಿ?"

ಡಿಸಾಂಗ್ ನದಿಯತ್ತ ನೋಡಿದ, ಖಾಲಿ ದಾರಿಯತ್ತ ನೋಡಿದ, ಕೊನೆಗೆ ಒಲೆಬಿಲೆಯ ಬಾಯಿಯತ್ತ ನೋಡಿದ.

"ಒಲೆಬಿಲೆ," ಎಂದ. ಬಾವ ಎನ್ನಲಿಲ್ಲ. "ನಮ್ಮಪ್ಪನ ದನಿಗೂ ಕೈ ಹಾಕಿದ್ಯಾ?"

"ಇತ್ತು ಕಣೋ. ಅಲ್ಲೇ, ಆ ಡೇರೆ ಹಿಂದೆ. ಕಿವಿ ಹರಿದಿತ್ತು. ನನ್ನ ತಾಯಾಣೆ."

"ನಿಮ್ಮ ತಾಯಿ ದನೀಲೂ ನೀನೇ ಆಣೆ ಹಾಕ್ತೀಯ." ಡಿಸಾಂಗ್ ಆಗಲೇ ಇಳಿಯುತ್ತಿದ್ದ. "ಇನ್ನು ಅಪ್ಪನೇ ಬಂದು ಹೇಳಿದ್ರೂ ನಂಬಲ್ಲ. ಅತಿಥಿಗಳು ಬರೋ ಹೊತ್ತಾಯ್ತು."

ಒಲೆಬಿಲೆ ಅವನ ಅಂಗಿ ಹಿಡಿದೆಳೆದ. ಅಂಗಿಯ ಗುಂಡಿ ಇವನ ಕೈಗೆ ಬಂತು, ಬಾವ ಬರಲಿಲ್ಲ.

ಹೊತ್ತು ಇಳಿಯಿತು. ಡೇರೆಗಳ ನೆರಳು ಹುಲ್ಲನ್ನು ಮುಟ್ಟಿ ಒಂದಾಯಿತು. ಒಲೆಬಿಲೆ ಬೆಳವವನ್ನು ಮತ್ತೆ ಶುರುಮಾಡಲು ನೋಡಿದ. ಒಣ ಬಾಯಿಂದ ಬರಿಯ ಗಾಳಿ ಬಂತು. ನಿಜವಾದ ಬೆಳವಗಳೂ ಕೂಗುತ್ತಿರಲಿಲ್ಲ. ಹರಿದ ಕಿವಿ ಮತ್ತೆ ಕಂಡಾಗ ಅದು ಕೊನೆಯ ಡೇರೆಯ ಈಚೆಗೆ, ನೆರಳಿನೊಳಗೇ ಇತ್ತು.

ಆಗಲೇ ನದಿಯ ಆಚೆ ದಡಕ್ಕೆ ಜೀಪು ಬಂದು ನಿಂತದ್ದು. ಇಂಜಿನ್ ನಿಂತಿತು. ಕೆನೊಸಿಯ ಕಣ್ಣಿಗೆ ಹೇಳಿಕೊಡಬೇಕಾಗಿರಲಿಲ್ಲ.

"ಡಿಸಾಂಗ್." ಒಂದು ಉಸಿರಿನ ಬಿಡುವು, ಒಂದು ಸಣ್ಣ ಕೆಮ್ಮು. "ಮಗ. ಹಾಗೇ ನಿಂತ್ಕೋ."

ಲಾರಿ ನಿಂತಿದ್ದದ್ದೂ ನದಿಯ ಕಡೆಗೇ. ಡಿಸಾಂಗ್ ತಿರುಗದೆ ನಕ್ಕ. "ಭಲೇ. ಈ ಸಲ ಕೆಮ್ಮೂ ಸೇರ್ಸಿದ್ಯಲ್ಲ." ಮುಂದಿನ ಗೂಟ ಕೈಗೆತ್ತಿಕೊಂಡು, ನೆಲ ನೋಡುತ್ತಲೇ ನೆರಳಿನ ಕಡೆಗೆ ಒಂದು ಹೆಜ್ಜೆ ಇಟ್ಟ.

ಒಲೆಬಿಲೆಯ ಬಾಯಿಂದ ಇನ್ನು ಏನು ಹೊರಟರೂ ಅದು ಅದೇ ನಗುವಿಗೆ ಹೋಗಿ ಬೀಳುತ್ತಿತ್ತು. ಅವನು ಸಾಮಾನಿನ ಮೇಲಿದ್ದ ತಟ್ಟೆಯೊಂದನ್ನು ಕಾಲಿನಿಂದ ಕೆಳಕ್ಕೆ ತಳ್ಳಿದ. ಅದು ಲಾರಿಯ ಪಕ್ಕಕ್ಕೆ ಬಡಿದು ಉರುಳಿತು. ಡಿಸಾಂಗ್ ಬೇಸರದಿಂದ ತಿರುಗಿದ. ಒಲೆಬಿಲೆ ಲಾರಿಯ ನೆತ್ತಿಯ ಮೇಲೆ ನಿಂತು, ಎರಡೂ ಅಂಗೈಗಳನ್ನು ಒಂದರ ಮೇಲೊಂದಿಟ್ಟು ತನ್ನ ಬಾಯನ್ನು ಒತ್ತಿ ಹಿಡಿದಿದ್ದ. ಮೂಗು ಬಿಳುಚಿಕೊಳ್ಳುವಷ್ಟು ಒತ್ತಿದ್ದ.

"ಮಗ," ಎಂದಿತು ದನಿ, ಆ ಮುಚ್ಚಿದ ಬಾಯಿಯ ಹಿಂದಿನಿಂದ, ನೀರಿನಾಚೆಯಿಂದ. "ಅಲುಗಬೇಡ. ಅವಳು ನಿನ್ನ ಬೆನ್ನ ಹಿಂದೆ ಇದ್ದಾಳೆ."

ನಗು ಡಿಸಾಂಗನ ಮುಖದ ಮೇಲೆ ಇಳಿಯಲು ಜಾಗ ಸಿಗದೆ ಹಾಗೇ ಉಳಿಯಿತು. ಅವನು ನಿಂತ.

ಕೆನೊಸಿ ಮಾತು ನಿಲ್ಲಿಸಲಿಲ್ಲ. ದನಿ ಹರಿಯುತ್ತಿದ್ದಷ್ಟು ಹೊತ್ತು ಸಿಂಹವೂ ಕಿವಿ ತಿರುಗಿಸಿ ಕೂತಿತ್ತು. ಆದರೆ ಬರಿಯ ಮಾತಿನಿಂದ ಜೀಪು ನೀರು ದಾಟುವುದಿಲ್ಲ. ಇಂಜಿನ್ ಎದ್ದರೆ ಮಾತು ಮುಳುಗುತ್ತದೆ.

"ಒಲೆಬಿಲೆ," ಎಂದ ಕೆನೊಸಿ, ಅದೇ ದನಿಯಲ್ಲಿ. "ನಾನು ಗಾಡಿ ಎಬ್ಬಿಸ್ತೀನಿ. ನನ್ನ ದನಿ ನೀನು ಇಟ್ಕೋ. ಕೆಳಗೆ ಬೀಳಿಸ್ಬೇಡ."

ಒಲೆಬಿಲೆ ಬಾಯಿಂದ ಕೈ ತೆಗೆದ. ತುಟಿಗಳು ಹಲ್ಲಿಗೆ ಅಂಟಿದ್ದವು. ಇಂಜಿನ್ ಕೆರಳಿತು, ನೀರು ಒಡೆಯಿತು. ಆ ಸದ್ದಿನ ಈಚೆ ದಡದಲ್ಲಿ ಅವನು ಮಾವನ ಉಸಿರು ಎಳೆದುಕೊಂಡ.

"ಡಿಸಾಂಗ್. ಮಗ. ನಿಂತ್ಕೋ."

ಡಿಸಾಂಗ್ ಲಾರಿಯ ಮೇಲಿನ ಆ ಬಾಯಿ ಚಲಿಸುವುದನ್ನೇ ನೋಡುತ್ತಿದ್ದ. ಸಿಂಹ ಎದ್ದಿತು. ಒಂದು ಹೆಜ್ಜೆ ಇಟ್ಟಿತು, ಇನ್ನೊಂದು ಇಟ್ಟಿತು. ಡಿಸಾಂಗ್ ಅಲುಗಲಿಲ್ಲ.

ಜೀಪು ಇನ್ನೂ ನೀರಿನಲ್ಲೇ ಇತ್ತು.