ಹಿಟ್ಟಿನ ಗಿರಣಿಯಲ್ಲಿ ಕೂಸಿನ ತೂಕ

ಸಪನಾಳ ಕೂಸು ಹುಟ್ಟಿ ಇಪ್ಪತ್ತೈದು ದಿನವಾಗಿತ್ತು. ಹತ್ತು ದಿನದ ಹಿಂದೆ ಅಕ್ಕಲಕೋಟದ ಡಾಕ್ಟರಬಾಯಿ ತೂಗಿ, "ಎರಡು ಪಾಯಿಂಟ್ ನಾಲ್ಕು ಕಿಲೋ. ಏರಲಿಲ್ಲಂದ್ರ ಅಡ್ಮಿಟ್ ಮಾಡಬೇಕಾಗ್ತದ" ಎಂದಿದ್ದರು. ಅಂದಿನಿಂದ ಕೂಸಿನ ಮುಖ ನೋಡಿದಾಗಲೆಲ್ಲ ಸಪನಾಗೆ ಆ ಅಂಕಿಯೇ ಕಣ್ಣಿಗೆ ಕಟ್ಟುತ್ತಿತ್ತು.

ಅವಳ ಊರು ಕುಂಭಾರಿಯ ಅಂಗನವಾಡಿಯಲ್ಲಿ ತೂಕದ ಮಷಿನ್ ಕೆಟ್ಟು ಕೂತಿತ್ತು. ತಡೆಯಲಾರದೆ ಅವಳು ಅತ್ತೆ ರಖಮಾಬಾಯಿಯನ್ನು ಕರೆದುಕೊಂಡು ಕಾಮಣ್ಣನ ಹಿಟ್ಟಿನ ಗಿರಣಿಗೆ ಹೋದಳು. ಜೋಳದ ಚೀಲ ತೂಗುವ ಕಾಟಾದ ಮೇಲೆ ಕೂಸನ್ನೆತ್ತಿಕೊಂಡು ನಿಂತಳು.

"ನಲವತ್ತಾರು ಪಾಯಿಂಟ್ ಮೂರು!" ಗಿರಣಿಯ ಸಪ್ಪಳದಲ್ಲಿ ಕಾಮಣ್ಣ ಕೂಗಿದ.

ಕೂಸನ್ನು ಅತ್ತೆಯ ಕೈಗಿತ್ತು ಒಬ್ಬಳೇ ನಿಂತಳು.

"ನಲವತ್ಮೂರು ಪಾಯಿಂಟ್ ಅರವತ್ತೈದು!"

ಸಪನಾ ಅಂಗೈ ಮೇಲೆ ಪೆನ್ನಿನಿಂದ ಬರೆದು ಕಳೆದಳು. 46.03ರಲ್ಲಿ 43.65 ಹೋದರೆ 2.38. ಏರುವುದಿರಲಿ, ತೂಕ ಇಳಿದಿತ್ತು.

"ನನ್ನ ಹಾಲೇ ಸಾಲವಲ್ದು, ಅತ್ತಿ," ಎಂದು ಅಲ್ಲೇ ಅಳತೊಡಗಿದಳು.

"ಅಳಬ್ಯಾಡ. ಡಾಕ್ಟರ ಕಡೀಗೇ ಹೋಗೂಣು ನಡಿ," ಎಂದು ರಖಮಾಬಾಯಿ ಸಿಕ್ಕ ಬಸ್ಸು ಹತ್ತಿಸಿದಳು.

ಬಸ್ಸಿನಲ್ಲಿ ಸೊಸೆಯ ಅಂಗೈ ಹಿಡಿದು ನೋಡಿದಳು. "ಇಲ್ಲಿ ಸೊನ್ನಿ ಮೊದಲ ಯಾಕ ಬರದಿ? ಕಾಟಾದ ಮ್ಯಾಲ ಮೂರು ಮೊದಲ ಇತ್ತು, ಸೊನ್ನಿ ಕಡೀಗೆ."

ರಖಮಾಬಾಯಿ ಸಾಲಿ ಕಂಡವಳಲ್ಲ. ಮೊಬೈಲ್ ನಂಬರು ಒತ್ತಿ ಒತ್ತಿ ಅಂಕಿಯ ಗುರುತು ಹಿಡಿದವಳು.

ಸಪನಾ ಬೆಪ್ಪಾದಳು. ಕಾಮಣ್ಣ ಕೊನೆಯ ಸೊನ್ನೆ ನುಂಗಿ ಹೇಳಿದ್ದ. ಅವಳು ಗಾಬರಿಯಲ್ಲಿ ಅದನ್ನು ಮೂರಕ್ಕಿಂತ ಮೊದಲು ಸೇರಿಸಿದ್ದಳು. ಉಗುಳು ಹಚ್ಚಿ ಒರೆಸಿ, ಪಾಯಿಂಟಿನ ಕೆಳಗೆ ಪಾಯಿಂಟ್ ಇಟ್ಟು ಮತ್ತೆ ಬರೆದಳು. 46.30, ಅದರಡಿ 43.65. ಉಳಿದದ್ದು 2.65. ನಂಬಿಕೆಯಾಗದೆ ತಿರುಗಿ ಕೂಡಿಸಿದಳು, ಸರಿಯಾಗಿ 46.30 ಬಂತು. 2.65ರಲ್ಲಿ 2.40 ಕಳೆದಳು.

"ಪಾವ್ ಕಿಲೋ ಏರ್ಯಾಳ, ಅತ್ತಿ!" ಅವಳ ದನಿಗೆ ಕಂಡಕ್ಟರ್ ತಿರುಗಿ ನೋಡಿದ.

ರಖಮಾಬಾಯಿ ಕೂಸಿನ ಕುಂಚಿಗೆ ಸರಿಪಡಿಸಿದಳು. "ನನ್ನ ಚೊಚ್ಚಲ ಕೂಸೂ ಇಷ್ಟ ಸಣ್ಣದಿತ್ತು. ತೂಗಿ ನೋಡವ್ರು ಯಾರೂ ಇರಲಿಲ್ಲ. ಹೋಗೇಬಿಡ್ತು."

ಈ ಮಾತು ಸಪನಾ ಎಂದೂ ಕೇಳಿರಲಿಲ್ಲ. ಅತ್ತೆಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು.

ಡಾಕ್ಟರಬಾಯಿ ಹೋದ ಸಲದಂತೆಯೇ ಕೂಸಿನ ಬಟ್ಟೆ ಬಿಚ್ಚಿ ತೂಗಿದರು. 2.58. ಸಪನಾಳ ಮುಖ ಮತ್ತೆ ಬಾಡಿತು. ಆಮೇಲೆ ಏನೋ ಹೊಳೆದು, "ಬಾಯಿ, ಇದರ ಬಟ್ಟೀನೂ ತೂಗ್ರಿ," ಎಂದಳು. ಅಂಗಿ, ಕುಂಚಿಗೆ ಸೇರಿ 0.07.

"ಕೂಡಿಸಿದ್ರ ಎರಡು ಪಾಯಿಂಟ್ ಅರವತ್ತೈದು, ಬರೋಬ್ಬರಿ ಗಿರಣಿ ತೂಕ!" ಎಂದಳು ಸಪನಾ. ಡಾಕ್ಟರಬಾಯಿ ನಕ್ಕರು. "ನೂರಾ ಎಂಬತ್ತು ಗ್ರಾಂ ಏರ್ಯದ. ಅಡ್ಮಿಟ್ ಬೇಕಾಗಿಲ್ಲ. ನಿನ್ನ ತೂಕಾನೂ ಸ್ವಲ್ಪ ಏರಿಸ್ಕೋ, ತಾಯಿ."

ಮರಳುವಾಗ ಕೂಸು ರಖಮಾಬಾಯಿಯ ಮಡಿಲಲ್ಲಿತ್ತು. ಬಸ್ಸು ಅಕ್ಕಲಕೋಟ ದಾಟುವ ಮೊದಲೇ ಸಪನಾ ಅತ್ತೆಯ ಹೆಗಲಿಗೆ ಒರಗಿ ನಿದ್ದೆ ಹೋದಳು.