ಬೋರಗಾಂವದ ಬೆಳ್ಳಿಹಬ್ಬದ ವರದಿ

ಸದಲಗಾದ ವರದಿಗಾರ ದುಂಡೇಶನ ಅಪ್ಪಣೆಯಿಲ್ಲದೆ ದೂಧಗಂಗಾ ನದಿ ಒಂದು ಗೇಣೂ ಏರುವುದಿಲ್ಲ. ಮಳೆಗಾಲದಲ್ಲಿ ಅದು ಮೊದಲು ಇವನ ಬಾಗಿಲಿಗೆ ಬಂದು, ಎಷ್ಟು ಏರಲಿ ಎಂದು ಕೇಳಿಕೊಂಡೇ ಸೇತುವೆ ಮುಳುಗಿಸುತ್ತದೆ. ಚಿಕ್ಕೋಡಿಯ ಕಾಲೇಜೊಂದರ ಪತ್ರಿಕೋದ್ಯಮ ತರಗತಿಯಲ್ಲಿ, ಹನ್ನೆರಡು ವಿದ್ಯಾರ್ಥಿಗಳ ಮುಂದೆ ನಿಂತು ಅವನು ಶುರು ಮಾಡಿದ್ದೇ ಹೀಗೆ.

ಪಿಯುಸಿಗೇ ಕಾಲೇಜು ಬಿಟ್ಟವನನ್ನು ಅದೇ ಕಾಲೇಜು ಉಪನ್ಯಾಸಕ್ಕೆ ಕರೆದಿತ್ತು. ಮಾತು ಹಿಡಿಸಿದರೆ ಪ್ರತಿ ಶನಿವಾರ ಒಂದು ತಾಸು ನಿಮಗೇ ಎಂದು ವಿಭಾಗದ ಮುಖ್ಯಸ್ಥೆ ಅನುಸೂಯಾ ಹೇಳಿದ್ದರು. ಇವನೋ, ಇನ್ನು ಮೇಲೆ ತನ್ನನ್ನು ಸರ್ ಎಂದೇ ಕರೆಯಬೇಕೆಂದು ಹೆಂಡತಿ ಸೋನಾಲಿಗೆ ಬೆಳಿಗ್ಗೆಯೇ ತಾಕೀತು ಮಾಡಿ ಬಂದಿದ್ದ.

ಸುದ್ದಿ ಹುಟ್ಟುವ ಮೊದಲೇ ತನಗೆ ವಾಸನೆ ಬಡಿಯುತ್ತದೆ ಎಂದ. ಹೋದ ರವಿವಾರ ಬೋರಗಾಂವದ ಮಗ್ಗದವರ ಸಂಘದ ಬೆಳ್ಳಿಹಬ್ಬಕ್ಕೆ ಐದು ಸಾವಿರ ಜನ ಸೇರಿದ್ದರು, ಅವರ ಚಪ್ಪಾಳೆಗೆ ನಿಪ್ಪಾಣಿಯ ಕಿಟಕಿಗಳು ಅದುರಿದವು, ಮರುದಿನ ಹೊತ್ತು ಮೂಡುವುದರೊಳಗೆ ತನ್ನ ವರದಿ ಅಚ್ಚಾಗಿತ್ತು ಎಂದ.

ಮುಂದಿನ ಬೆಂಚಿನ ಪ್ರಾಜಕ್ತಾ ನೋಟ್‌ಬುಕ್ಕಿನಿಂದ ಆ ವರದಿಯ ತುಣುಕನ್ನೇ ತೆಗೆದಳು. ಅಚ್ಚಾದ ಒಂದು ಸುದ್ದಿಯನ್ನು ಮೂವರ ಬಳಿ ವಿಚಾರಿಸಿ, ಖರೆಯೋ ಸುಳ್ಳೋ ಬರೆದು ತನ್ನಿ ಎಂದು ಅನುಸೂಯಾ ಆ ವಾರ ಎಲ್ಲರಿಗೂ ಅಭ್ಯಾಸ ಕೊಟ್ಟಿದ್ದರು.

“ಸರ್, ಆ ಸಂಘದ ಕಾರ್ಯದರ್ಶಿ ನಮ್ಮ ಪಪ್ಪಾನ ಅದಾರ್ರಿ. ಅತಿಥಿ ಬರಲಿಲ್ಲಂತ ಕಾರ್ಯಕ್ರಮ ಮುಂದ ಹಾಕ್ಯಾರ. ಅದು ನಾಳೆ ಐತ್ರಿ.”

ಹನ್ನೆರಡು ಮಂದಿ ನಕ್ಕದ್ದು ಇವನ ಕಿವಿಗೆ ಹನ್ನೆರಡು ಸಾವಿರ ಮಂದಿ ನಕ್ಕಂತೆ ಕೇಳಿಸಿತು. ಹಾಗಾದರೆ ತಾನು ವಾರ ಮುಂಚೆಯೇ ಸುದ್ದಿ ಕೊಟ್ಟಂತಾಯಿತಲ್ಲ ಎಂದು ನುಣುಚಿಕೊಳ್ಳಲು ನೋಡಿದ. ಶನಿವಾರಗಳು ಒಂದೊಂದಾಗಿ ಬಾಗಿಲು ದಾಟಿ ಹೋಗುವುದು ಕಣ್ಣಿಗೆ ಕಟ್ಟಿತು.

ಅನುಸೂಯಾ ನಗಲಿಲ್ಲ. “ದುಂಡೇಶ ಅವರ, ಸುದ್ದಿ ಹೆಂಗ ಬರೀಬೇಕಂತ ನಮ್ಮ ಪುಸ್ತಕದಾಗ ಐತಿ. ಇಂಥಾದ್ದು ಹೆಂಗ ಆಗತೈತಿ ಅನ್ನೂದು ಇಲ್ಲ. ಖರೆ ಹೇಳ್ರಿ, ಶನಿವಾರದ ತಾಸು ನಿಮ್ದ.”

ದುಂಡೇಶ ಅರ್ಧ ದೂಧಗಂಗೆಯಷ್ಟು ನೀರು ಕುಡಿದ. ಹುಡುಗರು ಪೆನ್ನು ತೆಗೆದರು.

“ಏಳು ಊರಿನ ಸುದ್ದಿ ನನಗ, ಇರೂದು ಒಂದ ಗಾಡಿ. ಸಂಜಿ ಆರಕ್ಕ ಪೇಜ್ ಮುಗಸ್ತಾರ. ಆಮಂತ್ರಣ ಪತ್ರಿಕಿ ನೋಡಿ ಮುಂಜಾನೆನ ಬರದ ಕಳಿಸಿದ್ದೆ. ಆವತ್ತ ನಾ ಅಥಣ್ಯಾಗ ಬೀಗರ ಮನ್ಯಾಗ ಹೋಳಿಗಿ ತಿನ್ನಾಕತ್ತಿದ್ದೆ, ತಂಗಿ. ತಪ್ಪಾತು ಅಂತ ಇವತ್ತ ಪೇಪರಿಗೆ ಬರದ ಕಳಸ್ತೀನಿ. ನಾಳೆ ನೀನೂ ಬಾ, ಮಂದಿನ ಇಬ್ರೂ ಎಣಸೂಣು. ಮತ್ತ... ಹೊಳಿನೂ ನನ್ನ ಕೇಳಿ ಏರೂದಿಲ್ರಿ. ನೀರು ಅಂಗಳಕ್ಕ ಬಂದ ಮ್ಯಾಲ ಸೋನಾಲಿ ಬಡದ ಎಬ್ಬಸ್ತಾಳ. ಆಗ ಗೊತ್ತಾಗತೈತಿ ನನಗ.”