ಕೇಶರಬಾಯಿ ಹೇಳಿದ ಸುಳ್ಳು

ದೆವ್ವ ಭೂತ ಎಂದವರನ್ನು ಬೈದು ಕಳಿಸುವ ಜಾತಿ ನಾನು. ಆದರೂ ಬಿಸಿ ರೊಟ್ಟಿ ಮುರಿದಾಗ ಏಳುವ ಹಬೆಯಲ್ಲಿ ತಮ್ಮ ಗುಂಡಪ್ಪನ ದನಿ ಕೇಳುತ್ತದೆ. "ಅಣ್ಣಾ, ಜ್ವಾಳ ಬೆಚ್ಚಗದಾವ," ಎನ್ನುತ್ತಾನೆ. ಅಷ್ಟೇ. ಎಂಟು ವರ್ಷದಿಂದ ನಾನು ರೊಟ್ಟಿ ಆರಲು ಬಿಟ್ಟೇ ತಿನ್ನುತ್ತಿದ್ದೇನೆ.

ಎಪ್ಪತ್ತೈದರ ಭಾದ್ರಪದದಲ್ಲಿ ಹುಡಗಿ ಎಂಬ ನಮ್ಮೂರಿಗೆ ಹಳ್ಳದ ನೀರು ನುಗ್ಗಿತು. ನಮ್ಮ ಮನೆಯ ಹಿಂದಿನ ಗೋಡೆ ಕುಸಿಯಿತು. ನಾನು, ನಮ್ಮವ್ವ ಜಿಜಾಬಾಯಿ, ಗುಂಡಪ್ಪ, ಅವನ ಹೆಂಡತಿ ಕೇಶರಬಾಯಿ ನಾಲ್ವರೂ ಉಟ್ಟ ಬಟ್ಟೆಯಲ್ಲಿ ಶಾಲೆಯ ವರಾಂಡ ಸೇರಿದೆವು. ನನ್ನ ಹೆಂಡತಿ ಅದಕ್ಕೂ ಮೊದಲೇ ತೀರಿಹೋಗಿದ್ದಳು. ಮನೆಯಿಂದ ಉಳಿಸಿ ತಂದದ್ದೆಂದರೆ ಒಂದು ಕಂದೀಲು. ಅದನ್ನು ಕೇಶರಬಾಯಿ ಸೆರಗಿನಲ್ಲಿ ಸುತ್ತಿಕೊಂಡು ಬಂದಿದ್ದಳು.

ಮರುದಿನದಿಂದ ಹುಮನಾಬಾದಿನ ಜೀಪು ಮಧ್ಯಾಹ್ನಕ್ಕೆ ಗಂಜಿ ತರತೊಡಗಿತು. ಊರೆಲ್ಲ ತಾಟು ಹಿಡಿದು ಸಾಲಿನಲ್ಲಿ ನಿಂತಿತು. ನಾನು ಮಾತ್ರ ನಿಲ್ಲಲಿಲ್ಲ, ನಮ್ಮವರನ್ನೂ ನಿಲ್ಲಗೊಡಲಿಲ್ಲ. ನಮಗೆ ಹಗೇವು ಇತ್ತು. ಎರಡಾಳು ಆಳ ನೆಲ ತೋಡಿ, ಹದಿನಾಲ್ಕು ಚೀಲ ಜೋಳ ತುಂಬಿ ಬಾಯಿ ಮುಚ್ಚಿದ ಗುಳಿ. ಎಪ್ಪತ್ತೆರಡರ ಬರದಲ್ಲಿ ನಮ್ಮನ್ನು ಸಾಕಿದ್ದು ಅದೇ. ಹಗೇವು ಇದ್ದವರು ಗಂಜಿಗೆ ಕೈಯೊಡ್ಡುವುದೇ ಎಂಬ ಸೊಕ್ಕು ನನಗೆ.

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವು! ತಾಟು ತಗೊಂಡು ಬರ್ರಿ, ಚನ್ನಬಸಪ್ಪನವರ," ಎಂದು ಬಾವಿ ತೋಡುವ ಮೊಹಿನುದ್ದೀನ್ ಸಾಲಿನಿಂದಲೇ ನಕ್ಕ. ನನಗೆ ಮೈಯೆಲ್ಲ ಉರಿಯಿತು.

ಮೂರನೆಯ ದಿನ ಬೆಳಿಗ್ಗೆ ಗುಂಡಪ್ಪನನ್ನು ಕರೆದುಕೊಂಡು ಹಗೇವಿಗೆ ಹೋದೆ. ನೀರು ಒಳಗಿಳಿದಿದ್ದರೂ ಮೇಲಿನ ಪದರವಾದರೂ ಉಳಿದೀತು, ಜೀಪು ಬರುವುದರೊಳಗೆ ಅವ್ವನಿಗೆ ನಮ್ಮದೇ ಜೋಳದ ರೊಟ್ಟಿ ತಿನ್ನಿಸಬೇಕು ಎಂಬ ಹಟ. ಬಾಯಿಯ ಕಲ್ಲು ಸರಿಸಿದೆವು. ನೆನೆದು ಹುಳಿತ ಜೋಳದ ಬಿಸಿ ವಾಸನೆ ಮೂಗಿಗೆ ಬಡಿಯಿತು.

ಹಗೇವು ತೆಗೆದರೆ ಒಂದು ದಿನ ಗಾಳಿಯಾಡಲು ಬಿಡಬೇಕು. ಆಮೇಲೆ ದೀಪ ಇಳಿಸಿ ನೋಡಬೇಕು. ದೀಪ ಆರಿದರೆ ಮನುಷ್ಯನೂ ಆರುತ್ತಾನೆ. ಇದು ನಮ್ಮ ಕಡೆಯ ಕೂಸಿಗೂ ಗೊತ್ತು, ನನಗೂ ಗೊತ್ತಿತ್ತು.

ತಿರುಗಿ ನೋಡಿದರೆ ಕೇಶರಬಾಯಿ. ಅವ್ವ ಕಂದೀಲು ಹಚ್ಚಿ ಕೊಟ್ಟು ಕಳಿಸಿದ್ದಳು. ತಮ್ಮನ ಹೆಂಡತಿ ಭಾವನ ಎದುರು ಮಾತಾಡುವ ಪದ್ಧತಿ ನಮ್ಮಲ್ಲಿಲ್ಲ. ಮುಖದ ತುಂಬ ಸೆರಗು ಎಳೆದುಕೊಂಡು, ಹಗಲು ಹೊತ್ತಿನಲ್ಲಿ ಉರಿಯುವ ಕಂದೀಲು ಹಿಡಿದು ಹತ್ತು ಹೆಜ್ಜೆ ದೂರ ನಿಂತಳು. ನಾನೂ ಅವಳೊಡನೆ ನೇರ ಮಾತಾಡುವವನಲ್ಲ.

"ಗುಂಡ್ಯಾ, ಹೇಳು ಆಕಿಗೆ. ಕಲ್ಲಿನ ಸಂದ್ಯಾಗಿಂದ ನೀರೇ ಒಳಗ ಹೋಗೇದ, ಗಾಳಿ ಹೋಗಿರಂಗಿಲ್ಲೇನು? ಮಳಿ ಮತ್ತ ಬರಾಕತ್ತದ. ಕಂದೀಲು ಒಯ್ಯಿ ಅನ್ನು."

ಗುಂಡಪ್ಪ ನಕ್ಕು ಹೆಂಡತಿಗೆ ಕೈಸನ್ನೆ ಮಾಡಿದ. ಅವಳು ಹೋಗಲಿಲ್ಲ, ಮಾತೂ ಆಡಲಿಲ್ಲ. ಅವನು ಹಗ್ಗ ಹಿಡಿದು ಇಳಿದ. ಬುಟ್ಟಿ ಕಟ್ಟಲೆಂದು ಹಗ್ಗವನ್ನು ಮೇಲೆ ಕಳಿಸಿದ. "ಅಣ್ಣಾ, ಜ್ವಾಳ ಬೆಚ್ಚಗದಾವ," ಎಂದ. ಬುಟ್ಟಿ ಇಳಿಸಿದೆ. ಅದನ್ನು ಯಾರೂ ಮುಟ್ಟಲಿಲ್ಲ.

ನಾನು ಕೂಗಿ ಕೂಗಿ ಇಳಿಯಲು ಕಾಲು ಹಾಕಿದಾಗ ಕೂಗು ಕೇಳಿ ಓಡಿಬಂದ ಮೊಹಿನುದ್ದೀನ್ ಸೊಂಟ ಹಿಡಿದು ಹಿಂದಕ್ಕೆಳೆದ.

"ಇಳಿಬ್ಯಾಡ್ರಿ! ಒಬ್ಬರಿಗೆ ಇಬ್ಬರು ಹೋಗ್ತೀರಿ!"

ಕಂಬಳಿಯನ್ನು ತೋಯಿಸಿ ಹಗ್ಗಕ್ಕೆ ಕಟ್ಟಿ, ಕೆಳಗಿನ ಗಾಳಿ ಕದಡಲೆಂದು ಇಳಿಸಿ ಎಳೆದು, ಇಳಿಸಿ ಎಳೆದು ಮಾಡಿದ. ಎಷ್ಟೋ ಹೊತ್ತಾದ ಮೇಲೆ ಕೇಶರಬಾಯಿಯ ಕೈಯಲ್ಲಿದ್ದ ಕಂದೀಲು ಇಳಿಸಿ, ಅದು ಉರಿಯುವುದನ್ನು ಕಂಡು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದ. ಗುಂಡಪ್ಪನನ್ನು ಮೇಲೆ ತಂದಾಗ ಮೈ ಇನ್ನೂ ಬಿಸಿ ಇತ್ತು. ಬದುಕಿದ್ದಾನೆಂದು ನಾನು ಹುಚ್ಚನಂತೆ ಎದೆ ತಿಕ್ಕಿದೆ. ಆ ಬಿಸಿ ಜೋಳದ್ದು.

ಪಂಚನಾಮೆಗೆ ಬಂದ ಅಧಿಕಾರಿ ಕೇಳಿದ: "ದೀಪ ಇಳಿಸಿ ನೋಡಿರಲಿಲ್ಲೇನು?"

ಶಾಲೆಯ ಬಾಗಿಲ ಹಿಂದಿನಿಂದ ಕೇಶರಬಾಯಿಯ ದನಿ ಬಂತು. ಮದುವೆಯಾಗಿ ಬಂದು ನಾಲ್ಕು ವರ್ಷದಲ್ಲಿ ನಾನು ಅವಳ ದನಿ ಕೇಳಿದ್ದು ಅಂದೇ ಮೊದಲು. "ದೀಪ ಇರಲಿಲ್ರಿ. ಹಳ್ಳದಾಗ ಹರಕೊಂಡು ಹೋಗಿತ್ತು. ಮೊಹಿನುದ್ದೀನಣ್ಣ ಇಳಿಸಿದ್ದು ಬ್ಯಾರೆಯವ್ರದು."

ಮೊಹಿನುದ್ದೀನ್ ತಲೆ ತಗ್ಗಿಸಿದ. ಬರೆದುಕೊಂಡು ಹೋದರು. ಅಂದೇ ಮಧ್ಯಾಹ್ನ ನಮ್ಮವ್ವ ತಾಟು ಹಿಡಿದು ಗಂಜಿಯ ಸಾಲಿನಲ್ಲಿ ನಿಂತಳು. ಬಡಿಸುವವರು ಎರಡು ಸೌಟು ಹೆಚ್ಚೇ ಹಾಕಿದರು.

ಗೋಡೆ ಎದ್ದಿತು, ಹೊಲ ಹದಕ್ಕೆ ಬಂತು. ಹುಲಸೂರಿನಿಂದ ಅವಳ ಅಣ್ಣ ಬಂದು ಕರೆದರೂ ಕೇಶರಬಾಯಿ ತವರಿಗೆ ಹೋಗಲಿಲ್ಲ. ದಿನಾ ನನ್ನ ತಾಟಿಗೆ ರೊಟ್ಟಿ ಹಾಕಿ ಒಳಗೆ ಹೋಗುತ್ತಿದ್ದಳು. ಜೈಲು ತಪ್ಪಿಸಿದವಳು ಮನೆಯಲ್ಲೇ ಜೈಲು ಕಟ್ಟಿದ್ದಾಳೆ ಎಂದುಕೊಳ್ಳುತ್ತಿದ್ದೆ. ಒಮ್ಮೆ ಬೈದುಬಿಟ್ಟಿದ್ದರೆ ಸಾಕಿತ್ತು. ಮಾಫಿ ಕೇಳೋಣವೆಂದರೆ ನಡುವೆ ಅವ್ವ. ಅವ್ವನ ಮೂಲಕ ಕೇಳುವ ಮಾತೇ ಅದು?

ಈ ವರ್ಷ ಅವ್ವ ತೀರಿಕೊಂಡಳು. ಇನ್ನು ಭಾವ ನಾದಿನಿ ಇಬ್ಬರೇ ಒಂದು ಮನೆಯಲ್ಲಿ ಇರುವಂತಿಲ್ಲ. ಅವಳ ಅಣ್ಣ ಬಂಡಿ ತಂದ. ಅವನು ಎತ್ತಿಗೆ ನೀರು ಕುಡಿಸುವಾಗ, ಈಗ ಬಿಟ್ಟರೆ ಇನ್ನಿಲ್ಲವೆಂದು ನಾನು ಅಂಗಳಕ್ಕೆ ಬಂದು ಅವಳೆದುರೇ ನಿಂತೆ.

"ತಂಗೀ, ಕಂದೀಲು ಒಯ್ಯಿ ಅಂದಾಂವ ನಾನು. ನಿನ್ನ ಗಂಡನ್ನ ಕೊಂದಾಂವ ನಾನು. ಸುಳ್ಳು ಹೇಳಿ ನನ್ನ ಯಾಕ ಉಳಿಸಿದಿ?"

ಅವಳು ಸೆರಗು ಸರಿಸಿದಳು. ಅವಳು ಈ ಮನೆಗೆ ಬಂದ ಹನ್ನೆರಡು ವರ್ಷದ ಮೇಲೆ ಮೊದಲ ಸಲ ಮುಖ ಕಂಡೆ. ನನಗಿಂತ ಮುದಿಯಾಗಿತ್ತು.

"ನಿಮ್ಮನ್ನ ಎಲ್ಲಿ ಉಳಿಸಿದ್ನಿ, ಭಾವಾರ? ದೀಪ ಇತ್ತಂದ್ರ, ಅದನ್ನ ಹಿಡಕೊಂಡು ಮೂಕಿ ಹಂಗ ಯಾಕ ನಿಂತಿದ್ದಿ ಅಂತ ಕೇಳತಿದ್ರು. ಹತ್ತು ಹೆಜ್ಜಿ ಇತ್ತು. ಇಳಿಬ್ಯಾಡ್ರಿ ಅಂತ ಒಂದು ಮಾತು. ಭಾವಾರ ಮುಂದ ಬಾಯಿ ತಗಿಬಾರದಂತ ಸುಮ್ಮನಿದ್ನಿ ಅಂತ ಹ್ಯಾಂಗ ಹೇಳಲಿ ಮಂದಿಗೆ?"

ಅಷ್ಟರಲ್ಲಿ ಅವಳ ಅಣ್ಣ ಕೂಗಿದ. ಕೇಶರಬಾಯಿ ಮತ್ತೆ ಸೆರಗು ಎಳೆದುಕೊಂಡು ಬಂಡಿ ಹತ್ತಿದಳು.